ಚಮಕಿ ಗಿಳಿ

ಚಿಕ್ಕಮ್ಮ ಕಾಫಿ ತರಲು ಒಳಗೆ ಹೋದದ್ದೇ ತಡ, ಅವಳು ಕುರ್ಚಿ ಹತ್ತಿ ಗೋಡೆಗೆ ತೂಗುಹಾಕಿದ್ದ, ಬಟ್ಟೆಗೆ ಹೊಲಿದ ಗಿಳಿಯನ್ನು ಕೆಳಗಿಳಿಸಿದಳು. ಸುರುಳಿ ಸುತ್ತಿ ಕೈಚೀಲಕ್ಕೆ ತುರುಕಿದಳು. ಮೇಲೆ ಶಾಲು ಹೊದಿಸಿ, ಏನೂ ಅರಿಯದವಳಂತೆ ಬಂದು ಕೂತಳು. ಗೋಡೆಯಲ್ಲಿ ಖಾಲಿ ಮೊಳೆ ಎದ್ದು ಕಾಣುತ್ತಿತ್ತು.

ಹಾಗೆಂದು ಅವಳನ್ನು ಕಳ್ಳಿ ಅಂದುಬಿಡಬೇಡಿ. ಹುಡುಗಾಟದ ಕಾಲದಲ್ಲಿ ಚಿಕ್ಕಮ್ಮನಿಗೆ ಚಮಕಿ ಗಿಳಿ ಹೊಲಿದುಕೊಟ್ಟವಳು ಅವಳೇ ಎಂದು ಬಳಗಕ್ಕೆಲ್ಲ ಗೊತ್ತು. ಹಸಿರು ಚಮಕಿಯ ಮೈ, ಐಸ್‌ಕ್ರೀಂ ಕಡ್ಡಿಯ ಕೊಂಬೆ, ಕೋಟಿನ ಗುಂಡಿಯ ಕಣ್ಣು, ಕಾಲ ಬುಡದಲ್ಲಿ ಕೆಂಪು ರಿಬ್ಬನ್ನಿನ ಗುಲಾಬಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಟ್ಟೆಗೆ ಹೊಲಿಯುವ ಹುಚ್ಚು ಆಗ ಅವಳಿಗೆ. ಹೊಲಿದದ್ದನ್ನು ನೆಂಟರ ಮನೆಗಳಿಗೆ ಹಂಚುವ ಹುಚ್ಚು ಇನ್ನೂ ದೊಡ್ಡದು.

ಈಗ ಅವಳು ಹೆಸರಾದ ಕಲಾವಿದೆ. ಬಿಳಿ ಬಟ್ಟೆ, ಬಿಳಿ ದಾರ, ನಡುವೆ ಎಲ್ಲೋ ತುಕ್ಕು ಹಿಡಿದ ಒಂದು ತಂತಿ, ಅಷ್ಟೇ. ಜನ ಅದರ ಮುಂದೆ ದನಿ ತಗ್ಗಿಸಿ ಮಾತಾಡುತ್ತಾರೆ. ‘ಬಣ್ಣ ನನ್ನನ್ನು ಯಾವತ್ತೂ ಕರೆಯಲೇ ಇಲ್ಲ’ ಎಂದು ಅವಳು ಸಂದರ್ಶನಗಳಲ್ಲಿ ಹೇಳಿಕೊಂಡು ಬಂದಿದ್ದಾಳೆ. ಹೇಳಿ ಹೇಳಿ ಅವಳೇ ನಂಬಿದ್ದಳು ಕೂಡ. ಅಂಥವಳ ಇಡೀ ಬದುಕಿನ ಕೆಲಸವನ್ನು ಒಂದೇ ಕಡೆ ತೋರಿಸಲು ಗ್ಯಾಲರಿಯವರು ಹೊರಟರು. “ನಿಮ್ಮ ಮೊದಮೊದಲ ಕೆಲಸಗಳೂ ಬೇಕು. ನಿಮ್ಮ ಬಂಧುಗಳ ಮನೆಗೆ ನಾವೇ ಹೋಗಿ ತರ್ತೀವಿ” ಅಂದಾಗ ಅವಳ ಮೈ ಬೆವರಿತು. ಆ ಬಿಳಿ ಗೋಡೆಗೆ ಚಮಕಿ ಗಿಳಿ ಬಂದು ಕೂತರೆ ಮಾನ ಮೂರು ಕಾಸಿಗೆ ಹರಾಜು.

ಅದಕ್ಕೇ ಅವಳು ಅವರಿಗಿಂತ ಮೊದಲೇ ಹೊರಟಳು. ಒಬ್ಬೊಬ್ಬರಿಗೂ ಫೋನು ಮಾಡಿ, “ನಾನು ಹೊಲಿದುಕೊಟ್ಟಿದ್ದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು” ಅಂದಳು. ಎಲ್ಲರಿಗೂ ಸಂತೋಷವೇ. ಆದರೆ ಕೂಡಲೇ ಬಾ ಅಂದವರಿಲ್ಲ. ದೊಡ್ಡಪ್ಪನ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಸೋದರತ್ತೆಗೆ ನೆಗಡಿ. ಚಿಕ್ಕಮ್ಮನಿಗೆ ಮಂಡಿನೋವು, ಮುಂದಿನ ತಿಂಗಳು ಬಾ ಅಂದರು.

ಹೋದಾಗ ಮಾತ್ರ ರಾಜೋಪಚಾರ. ಅವಳ ಕೈಕೆಲಸ ನಡುಮನೆಯ ಗೋಡೆಯಲ್ಲೇ, ಧೂಳಿಲ್ಲದೆ, ಫಳಫಳ ಹೊಳೆಯುತ್ತ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಹೆತ್ತವಳೇ ಹೆಗ್ಗಣ ಕಂಡು ಮುಖ ತಿರುಗಿಸುತ್ತಿದ್ದಳು. ದೊಡ್ಡಪ್ಪನ ಮನೆಯ ನವಿಲು, ಅತ್ತೆಯ ಮನೆಯ ಹೂಬುಟ್ಟಿ ಹೀಗೆಯೇ ಚೀಲ ಸೇರಿದ್ದವು. ಮನೆಗೆ ತಂದು, ನೆಟ್ಟಗೆ ನೋಡಲೂ ನಾಚಿ, ಕತ್ತರಿಯಿಂದ ಚೂರುಚೂರು ಮಾಡಿ ಕಸಕ್ಕೆ ಹಾಕಿದ್ದಳು. ಕತ್ತರಿಯಾಡುವಾಗ ಕಣ್ಣಿಗೆ ಬಿದ್ದಷ್ಟು ಹೊಲಿಗೆಯೂ ಸೊಟ್ಟಪಟ್ಟ. ನನ್ನ ಕೈ ಇಷ್ಟು ಒರಟಾಗಿತ್ತೇ ಎಂದು ಕಿವಿ ಬಿಸಿಯಾಗಿತ್ತು. ಕಾಣೆಯಾದದ್ದರ ಬಗ್ಗೆ ಯಾರೂ ಫೋನು ಮಾಡಿ ಕೇಳಲಿಲ್ಲ. ಅದೊಂದು ಪುಣ್ಯ ಅಂದುಕೊಂಡಿದ್ದಳು.

ಚಿಕ್ಕಮ್ಮ ಕಾಫಿ ತಂದರು. ತಾಯಿಯಿಲ್ಲದ ಅವಳನ್ನು ಸಾಕಿ, ಮೊದಲ ಸೂಜಿ ಕೈಗೆ ಕೊಟ್ಟವರು ಇವರೇ. ಬೆರಳ ತುದಿಗಳಿಗೆಲ್ಲ ಪಟ್ಟಿ ಅಂಟಿಸಿಕೊಂಡಿದ್ದರು.

“ಏನಾಯ್ತು ಚಿಕ್ಕಮ್ಮ?”

“ತರಕಾರಿ ಹೆಚ್ಚುವಾಗ ತಾಗ್ತು. ಕಣ್ಣು ಮಂಜಲ್ಲವಾ ಈಗ. ಶಾಲು ಹೊಸದಾ? ಚೆನ್ನಾಗಿದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಚೀಲವನ್ನು ಥಟ್ಟನೆ ಹತ್ತಿರಕ್ಕೆ ಎಳೆದುಕೊಂಡಳು. ಶಾಲು ಜಾರಿತು. ಹಸಿರು ಚಮಕಿ ಹೊರಗೆ ಇಣುಕಿತು. ಚಿಕ್ಕಮ್ಮ ಚೀಲ ನೋಡಿದರು. ತಲೆಯೆತ್ತಿ ಮೊಳೆ ನೋಡಿದರು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ. ಕಟ್ಟಿಕೊಂಡ ಹೆಸರೆಲ್ಲ ಒಂದು ಕಡೆ, ಸಾಕಿದವರ ಮನೆಯಲ್ಲೇ ಕದ್ದು ಸಿಕ್ಕಿಬಿದ್ದ ಈ ಗಳಿಗೆ ಒಂದು ಕಡೆ.

“ಕ್ಷಮಿಸಿ ಚಿಕ್ಕಮ್ಮ,” ಅಂದಳು. “ನಾಚಿಕೆಗೆ ಹೀಗ್ಮಾಡ್ದೆ. ಯಾರಿಗೂ ಗೊತ್ತಾಗಬಾರದು ಅಂತ…”

“ನೀನ್ಯಾಕೆ ಕ್ಷಮೆ ಕೇಳ್ತೀಯ? ನಾಚಿಕೆ ಆಗ್ಬೇಕಾಗಿರೋದು ನಮಗೆ.” ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ದೊಡ್ಡಪ್ಪ ಆಗ್ಲೇ ಫೋನ್ ಮಾಡಿದ್ರು. ‘ಹುಡುಗಿಗೆ ಗೊತ್ತಾಗ್ಹೋಗಿದೆ, ಒಂದು ಮಾತೂ ಆಡದೆ ತಗೊಂಡು ಹೋದಳು’ ಅಂತ. ನಿಮ್ಮತ್ತೇನೂ ಅದನ್ನೇ ಅಂದ್ಲು. ನಾನೇ ದಡ್ಡಿ, ನಿನ್ನ ಕಣ್ಣಿಗೆ ಗೊತ್ತಾಗಲ್ಲ ಅಂದ್ಕೊಂಡೆ.”

“ಏನು ಗೊತ್ತಾಗೋದು ಚಿಕ್ಕಮ್ಮ?”

ಚಿಕ್ಕಮ್ಮ ಅವಳ ಮುಖ ನೋಡಲಾರದೆ ನೆಲ ನೋಡಿದರು.

“ನೀನು ಕೊಟ್ಟಿದ್ದು ಯಾರ ಮನೇಲೂ ಒಂದೂ ಉಳಿದಿಲ್ಲ ಮಗಾ. ಕೆಲವು ಕಾಲೊರೆಸೋದಕ್ಕೆ ಹೋಯ್ತು, ಕೆಲವು ಹಳೇ ಸಾಮಾನಿನ ಜೊತೆ ಹೋಯ್ತು. ನೋಡೋಕೆ ಬರ್ತೀನಿ ಅಂತ ನೀನು ಅಷ್ಟು ಆಸೆಯಿಂದ ಅಂದಾಗ ಎಲ್ಲರಿಗೂ ಮುಖ ತೋರಿಸೋಕಾಗದ ಹಾಗಾಯ್ತು.”

ಅವಳು ಗಿಳಿಯನ್ನು ಚೀಲದಿಂದ ತೆಗೆದು, ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ನೆನಪಿದ್ದಷ್ಟು ನೆನಪು ಮಾಡ್ಕೊಂಡು ಮೂರನ್ನೂ ನಾನೇ ಹೊಲಿದೆ, ಆ ಎರಡನ್ನ ಇಟ್ಕೊಂಡಿದ್ದೀಯ ತಾನೇ?”