ಕರೆಯದೆ ಹತ್ತಿದ ಸವಾರಿ

ಹೊಗೆ ಹಾಕಿ ಬಾಳೆಗೊನೆ ಮಾಗಿಸುವ ಕತ್ತಲೆ ಕೋಣೆಯ ವಾಸನೆ. ಚಿಕ್ಕವನಿದ್ದಾಗ ದೇವಾನಂದ ಆ ಕೋಣೆಯ ಬೆಚ್ಚಗಿನ ಗೋಡೆಗೆ ಬೆನ್ನು ಹಚ್ಚಿ ಎಷ್ಟೋ ಮಧ್ಯಾಹ್ನ ನಿದ್ದೆ ಮಾಡಿದ್ದ. ಕಮಲಾಪುರದ ಕ್ರಾಸಿನಲ್ಲಿ ಕೆಂಪು ಬಾಳೆಯ ಗಾಡಿಯ ಕಡೆಯಿಂದ ಅದೇ ವಾಸನೆ ತೇಲಿ ಬಂದಾಗ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಷ್ಟೇ ಸಾಕಾಯಿತು. ಗಾಡಿಯ ಮರೆಯಿಂದ ಬಂದ ವಯಸ್ಸಾದ ಹೆಂಗಸೊಬ್ಬಳು ಸೀರೆ ಎತ್ತಿಹಿಡಿದು ಜೀಪು ಹತ್ತಿ, ಅವನ ಪಕ್ಕದಲ್ಲಿ ಕೂತುಬಿಟ್ಟಳು.

“ಕಾಡಿನ ಜಲಪಾತ ತೋರಸಾಂವ ನೀನೇ ಅಲ್ಲ? ನಡಿ.”

“ಬಂದ್ ಮಾಡೀನ್ರಿ ಅಮ್ಮಾರೇ. ಹೋದ ಮಳಿಗಾಲದಿಂದ ಯಾರನ್ನೂ ಒಯ್ಯಂಗಿಲ್ಲ.”

“ಮತ್ತ ಈಗ ಎಲ್ಲಿಗೆ ಹೊಂಟೀ?”

ಅವನು ಕನ್ನಡಿ ಸರಿಮಾಡಿಕೊಂಡ. ಜೀಪು ರಿಪೇರಿಗೆ ಕಪನೂರಿಗೆ ಹೋಗುತ್ತೇನೆಂದು ಹೆಂಡತಿ ರಾಜೇಶ್ರೀಗೆ ಹಿಂದಿನ ದಿನವೇ ಹೇಳಿದ್ದ. ಕಪನೂರ ಇರುವುದು ಕಲಬುರಗಿಯ ಕಡೆಗೆ. ಜೀಪಿನ ಮೂತಿ ಗುಡ್ಡದ ಕಡೆಗಿತ್ತು.

“ಹೊಂಟ ಕಡೀಗೇ ನಡಿ. ಮೊದಲನೇ ಬಸ್ಸಿಗೆ ಕಲಬುರಗಿಯಿಂದ ಬಂದೀನಿ, ಇಳದು ಹೋಗಾಕಲ್ಲ.”

ಹಿಂದೆ ಲಾರಿಯವನು ಹಾರ್ನ್ ಹೊಡೆದ. ದೇವಾನಂದ ಗೇರು ಹಾಕಿದ.

ಡಾಂಬರು ಮುಗಿದು ಚಿಂಚೋಳಿಯ ಗುಡ್ಡದ ಕೆಂಪು ದಾರಿ ಶುರುವಾಯಿತು. ಕಲ್ಲು ಹತ್ತಿ, ಹಳ್ಳಕ್ಕಿಳಿದು ಜೀಪು ತೂಗಿದಾಗಲೆಲ್ಲ ಆಕೆ ಅವನ ತೋಳು ಹಿಡಿಯುತ್ತಿದ್ದಳು. ಅವನು ಕಣ್ಣಂಚಿನಲ್ಲೇ ಆಕೆಯನ್ನು ನೋಡುತ್ತಿದ್ದ. ಕ್ಯಾಮೆರಾ ಇಲ್ಲ, ಜೊತೆಗೆ ಮಂದಿ ಇಲ್ಲ. ಜೀಪಿನವರಲ್ಲಿ ಒಂದು ಕಟ್ಟಳೆ ಇದೆ: ಒಂಟಿ ಸವಾರಿ ಹತ್ತಿಸಿಕೊಳ್ಳಬಾರದು. ನೀರು ನೋಡಲು ಬರುವವರು ಮಂದಿ ಕಟ್ಟಿಕೊಂಡು ಬರುತ್ತಾರೆ. ಒಬ್ಬರೇ ಬರುವವರು ನೋಡಲು ಬಂದಿರುವುದಿಲ್ಲ.

“ಗೈಡು ಅಂತ ಜೀಪಿನ ಮ್ಯಾಲ ಬರಸೀಯಲ್ಲೋ. ಬಾಯಿ ಮನ್ಯಾಗ ಬಿಟ್ಟು ಬಂದೀಯೇನು?”

“ಹೇಳಾಕ ಏನೂ ಇಲ್ರಿ.”

“ಹೇಳಾಕ ಏನೂ ಇಲ್ಲದಾಂಗ ಆಗಬಾರದು, ತಮ್ಮಾ.”

ಮೊದಲ ಝರಿಯ ಬಳಿ ಆಕೆ ಜೀಪು ನಿಲ್ಲಿಸಲು ಹೇಳಿದಳು. ಎರಡನೆಯದರ ಬಳಿಯೂ ಅಷ್ಟೇ. ಎರಡೂ ಕಡೆ ಕೇಳಿದ್ದು ಒಂದೇ ಮಾತು, ಆಳ ಎಷ್ಟು ಎಂದು. ನೀರಿನ ಕಡೆ ಮಾತ್ರ ನೋಡಲೇ ಇಲ್ಲ. ಬಂಡೆಯ ಮೇಲೆ ಅವನ ಕಡೆ ಮುಖ ಮಾಡಿ ಕೂತಳು. ಬಂಡೆ ಒದ್ದೆಯಾಗಿದೆಯೆಂದು ಅವನು ಗೋಣಿಚೀಲ ಮಡಚಿ ಹಾಸಿಕೊಟ್ಟ, ಹಳೆಯ ರೂಢಿ. ಆಕೆ ಆ ಚೀಲವನ್ನು ಬಹಳ ಹೊತ್ತು ಸವರಿದಳು. ಹಾರಲು ಧೈರ್ಯ ಕೂಡಿಸುತ್ತಿದ್ದಾಳೆ ಎಂದುಕೊಂಡ ದೇವಾನಂದ ಒಂದು ಹೆಜ್ಜೆ ಆಕೆಯ ಹತ್ತಿರ ಸರಿದ. ಇವತ್ತೇ ಯಾಕೆ ಬಂದಳು ಈಕೆ? ನಾಳೆ ಬರಬಾರದಿತ್ತೇ?

ದೊಡ್ಡ ಜಲಪಾತದ ಸದ್ದು ದೂರದಿಂದಲೇ ಎದೆಗೆ ಬಡಿಯಿತು. ಅವನು ಇಳಿದ.

“ನೀವು ಇಲ್ಲೇ ಕೂಡ್ರಿ. ನಾ ದಾರಿ ನೋಡಿ ಬರ್ತೀನಿ.”

“ನೀ ಹೋದಲ್ಲಿ ನಾನೂ ಬರ್ತೀನಿ.”

“ಜಾರತದ್ರಿ!”

“ಗೊತ್ತದ.”

ಆಕೆ ಅವನಿಗಿಂತ ಮುಂದೆ ಹೋದಳು. ಪಾಚಿಗಟ್ಟಿದ ಅಂಚಿಗೆ ಹೋಗಿ, ಅವನಿಗೂ ನೀರಿಗೂ ನಡುವೆ ನಿಂತಳು. ದೇವಾನಂದ ಓಡಿಹೋಗಿ ಆಕೆಯ ಎರಡೂ ಕೈ ಹಿಡಿದ.

“ನನ್ನ ಮಗಳು ಇಲ್ಲೇ ಜಾರಿದಳು,” ಎಂದಳು ಆಕೆ. “ರೇವತಿ. ನಾ ಅಂಬಮ್ಮ.”

ಅವನು ಹಿಡಿದ ಕೈ ಇನ್ನೂ ಬಿಗಿಮಾಡಿದ. ಹೋದ ಮಳೆಗಾಲ ತಾನೇ ಕರೆತಂದ ಹುಡುಗಿ. ಅವನು ಕೈ ಚಾಚಿದ್ದ, ಒದ್ದೆ ಬೆರಳು ಜಾರಿತ್ತು. ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರುವುದು ಈ ಕಡೆ ಯಾರೂ ತಪ್ಪಿಸದ ನಡೆ. ಅವನೂ ಕಲಬುರಗಿಯ ಸ್ಟೇಶನ್ ಬಜಾರದವರೆಗೆ ಹೋಗಿದ್ದ. ಅವರ ಓಣಿಯ ತಿರುವಿನಲ್ಲಿ ನಿಂತು, ಒಳಗೆ ಕಾಲಿಡಲಾಗದೆ ಹಿಂದಿರುಗಿದ್ದ. ತಾಯಿಯ ಮುಖವನ್ನು ಈವರೆಗೆ ಕಂಡೇ ಇರಲಿಲ್ಲ.

“ಬ್ಯಾಡ್ರಿ ಅವ್ವಾ,” ಅವನು ಅಳತೊಡಗಿದ. “ಈ ನೀರಿಗೆ ಇನ್ನೊಂದು ಜೀವ ಬ್ಯಾಡ.”

“ಬ್ಯಾಡ ಅಂತೀಯಲ್ಲ, ಖರೇನು?”

“ಖರೇನ್ರಿ. ನಿಮ್ಮ ಪಾದದಾಣೆ.”

“ಹಂಗಾದರ ನನ್ನ ಕೈ ಬಿಡದಂಗ ನಿನ್ನ ಮನಿತನಕ ಕರಕೊಂಡು ನಡಿ. ನಡುವ ಬಿಟ್ಟೀ ಅಂದರ ನಾ ಹೊಳ್ಳಿ ಇಲ್ಲಿಗೇ ಬರ್ತೀನಿ.”

ಅವನು ಬಿಡಲಿಲ್ಲ. ಗೇರು ಬದಲಿಸುವಾಗ ಮಾತ್ರ ಬಿಟ್ಟು, ತಕ್ಷಣ ಮತ್ತೆ ಹಿಡಿಯುತ್ತಿದ್ದ. ಆಗ ಆಕೆ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಹಳ್ಳ ಬಂತು, ಕಲ್ಲು ಬಂತು. ಈಕೆ ಜಿಗಿದರೆ ಹೇಗೆ ಎಂಬುದೊಂದನ್ನು ಬಿಟ್ಟು ಅವನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಎಷ್ಟೋ ತಿಂಗಳಿಂದ ಅವನು ಹೀಗೆ ಇನ್ನೊಬ್ಬರಿಗಾಗಿ ಹೆದರಿರಲಿಲ್ಲ.

ಕಮಲಾಪುರದ ತನ್ನ ಮನೆಯ ಅಂಗಳದಲ್ಲಿ ಜೀಪು ನಿಲ್ಲಿಸುತ್ತಲೇ ಕೂಗಿದ.

“ರಾಜೇಶ್ರೀ, ಲಗೂ ಬಾ! ಈ ತಾಯೀನ್ನ ಹಿಡ್ಕೋ, ಒಬ್ಬಾಕೀನ್ನ ಬಿಡಬ್ಯಾಡ. ನೀರಿಗೆ ಬೀಳಾಕ ಹೋಗಿದ್ದರು!”

ಹೊಸ್ತಿಲಲ್ಲಿ ನಿಂತಿದ್ದ ರಾಜೇಶ್ರೀ ಇವರು ಯಾರೆಂದು ಕೇಳಲಿಲ್ಲ. ಗಂಡನ ಮುಖವನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಅಂಬಮ್ಮನ ಕಾಲು ಹಿಡಿದು ಕುಸಿದಳು.

“ಇವರು ಕಪನೂರಿಗೆ ಅಂದದ್ದು ಸುಳ್ಳು, ಆ ನೀರಿಗೇ ಹೊಂಟಾರ ಅನ್ನಿಸಿ ನಿನ್ನೆ ನಾ ಫೋನ್ ಮಾಡಿ ಕ್ರಾಸಿನ್ಯಾಗ ನಿಲ್ರಿ ಅಂದಾಗ ನೀವು ಬರ್ತೀರೋ ಇಲ್ಲೋ ಅಂತ ಅಂಜಿದ್ದೆ. ನೀವು ಜೀಪು ಹತ್ತದಿದ್ದರ, ಇವರು ಇವತ್ತು ಜೀವಂತ ಹೊಳ್ಳಿ ಬರ್ತಿರಲಿಲ್ರೀ ಅಮ್ಮಾ.”

“ಏಳವ್ವಾ. ನನಗೆಲ್ಲಿ ಸಾಯೋ ತ್ರಾಣ ಅದ, ಮೊಣಕಾಲೇ ಬಗ್ಗಂಗಿಲ್ಲ,” ಎಂದು ಅಂಬಮ್ಮ ಆಕೆಯನ್ನು ಎಬ್ಬಿಸಿದಳು. “ಇಂವಾ ಮಾತಾಡ್ಸಾಕ ನಮ್ಮ ಮನಿಗೆ ಬರಲಿಲ್ಲ. ಅದಕ್ಕ ನಾನೇ ಬಂದೆ.”

ರಾಜೇಶ್ರೀ ಆಕೆಗೆಂದು ಬಡಿಸಿ ತಂದ ರೊಟ್ಟಿಯ ತಾಟನ್ನು ಅಂಬಮ್ಮ, ಸಾವಿನ ಮನೆಗೆ ಬುತ್ತಿ ಒಯ್ದ ನೆಂಟರು ಕೊಡುವ ಹಾಗೆ, ದೇವಾನಂದನ ಕೈಗೆ ಕೊಟ್ಟಳು.