ಬಾಯಿಗೆ ಕಟ್ಟಿದ ಟವಲು

ಬಿಚ್ಚು ಎಂದು ಹೇಗೆ ಹೇಳುವುದು? ಹೇಳಿದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಏನೆನ್ನುವುದು? ಅಫ್ಸರ್ ಪಾಷಾ ಬೇವಿನ ಹಲಗೆಯನ್ನು ಗರಗಸದ ಮೇಜಿನ ಮೇಲಿಟ್ಟು, ಅದರ ಅಂಚನ್ನು ಕಬ್ಬಿಣದ ಪಟ್ಟಿಗೆ ಒತ್ತಿ ಹಿಡಿದು, ಎದುರಿಗಿದ್ದವನನ್ನೇ ನೋಡಿದ. ಸೀಳಿ ಬರುವ ಹಲಗೆಯನ್ನು ಎಳೆದುಕೊಳ್ಳಲು ಮೇಜಿನ ಆಚೆ ತುದಿಯಲ್ಲಿ ನಿಂತಿದ್ದ ಬೆಸಗರಹಳ್ಳಿಯ ಮರಿಸಿದ್ದಯ್ಯ, ಇವತ್ತು ಮೂಗು ಬಾಯಿ ಮುಚ್ಚುವಂತೆ ಟವಲು ಕಟ್ಟಿಕೊಂಡಿದ್ದ.

ಮದ್ದೂರಿನ ಆ ಮರ ಕೊಯ್ಯುವ ಮಿಲ್ಲಿಗೆ ಕರೆಂಟು ಬಂದಾಗಿನಿಂದ ಗರಗಸ ಪಾಷಾನದೇ. ಈಚೆಗೆ ಕಿವಿ ಕೈಕೊಟ್ಟಿತ್ತು. ಎದುರು ನಿಂತು ಆಡಿದ ಮಾತು ಇನ್ನೂ ದಕ್ಕುತ್ತಿತ್ತು; ಗರಗಸ ತಿರುಗಿತೆಂದರೆ ಹತ್ತಿ ತುರುಕಿದಂತೆ. ಸೀಳು ಕೂಡಿಕೊಂಡು ಅಲಗನ್ನು ಕಚ್ಚಿದಾಗ ಗರಗಸ ನರಳುತ್ತದೆ. ಆಗ ತಳ್ಳುವವನು ಕೈ ತಡೆಯಬೇಕು, ಆಚೆಯವನು ಸೀಳಿಗೆ ಬೆಣೆ ಹೊಡೆಯಬೇಕು. ಆ ನರಳಿಕೆ ಪಾಷಾನಿಗೆ ಕೇಳುತ್ತಿರಲಿಲ್ಲ. ಮರಿಸಿದ್ದಯ್ಯ "ಕಚ್ತು!" ಎಂದು ಕೂಗುವ ಬಾಯನ್ನು ನೋಡಿಯೇ ಕೈ ತಡೆಯುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ. ಕಿವುಡನನ್ನು ಗರಗಸದ ಮುಂದೆ ಯಾವ ಧಣಿ ಇಟ್ಟುಕೊಳ್ಳುತ್ತಾನೆ?

"ಟವಲು ಬಿಚ್ಚಯ್ಯ," ಎಂದ.

"ಬೇವಿನ ಹೊಟ್ಟು ಕಣ್ರೀ ಸಾಯೇಬ್ರೆ. ತೇಗವೆಲ್ಲ ಯುದ್ಧಕ್ಕೋಯ್ತು, ನಮ್ ಗಂಟ್ಲಿಗೆ ಈ ಕಯಿ ಬಂತು. ರಾತ್ರಿ ಕೆಮ್ಮೀ ಕೆಮ್ಮೀ, ಎಂಡ್ರು ಜಗ್ಲಿಗೆ ಓಡಿಸ್ಬುಟ್ಲು."

"ಆದ್ರೂ ಬಿಚ್ಚು."

"ಯಾಕೆ, ನನ್ ಮಕ ನೋಡ್ಕಂಡು ಮರ ಕುಯ್ತೀರಾ? ನಾನೇನು ಮದ್ವೆ ಎಣ್ಣಾ?" ಟವಲಿನ ಮೇಲಿನ ಕಣ್ಣುಗಳು ನಕ್ಕವು.

ಪಾಷಾ ತಾನೂ ನಗಬೇಕಾಯಿತು. ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಸ್ವಿಚ್ಚು ಎಳೆದ.

ಹಲಗೆ ಅಂಗೈ ಕೆಳಗೆ ಸರಿಯುತ್ತ ಹೋಯಿತು. ಅವನ ಕಣ್ಣು ಅಲಗಿನ ಮೇಲಿರಲಿಲ್ಲ, ಟವಲಿನ ಮೇಲಿತ್ತು. ಟವಲು ಅಲುಗಿತು. ಉಸಿರೋ, ಮಾತೋ? ಮತ್ತೂ ಒಂದಿಷ್ಟು ತಳ್ಳಿದ. ಟವಲು ಮತ್ತೆ ಅಲುಗಿತು. ಹಲಗೆ ಅಂಗೈಯಲ್ಲಿ ನಡುಗಿದ್ದು ತಿಳಿಯುವಷ್ಟರಲ್ಲಿ ಅದು ಹಿಂದಕ್ಕೆ ಚಿಮ್ಮಿ, ಅಂಗಿಯ ಅಂಚನ್ನು ಹರಿದುಕೊಂಡು ಹೋಗಿ ಗೋಡೆಗೆ ಬಡಿಯಿತು. ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುವ ಹಳೆಯ ರೂಢಿ ಅವನ ಹೊಟ್ಟೆಯನ್ನು ಉಳಿಸಿತ್ತು.

ಮರಿಸಿದ್ದಯ್ಯ ಓಡಿಬಂದು ಗರಗಸ ನಿಲ್ಲಿಸಿದ. ಟವಲು ಕಿತ್ತೆಳೆದು ಎದುರಿಗೆ ನಿಂತ. "ಕಚ್ತು ಕಚ್ತು ಅಂತ ಅಷ್ಟು ಬಡ್ಕಂಡ್ನಲ್ಲ ಸಾಯೇಬ್ರೆ!" ಎಂದವನು ಕೈಯಲ್ಲಿದ್ದ ಟವಲನ್ನು ನೋಡಿ ಸಣ್ಣಗಾದ. "ಈ ಆಳಾದ್ದು ಕಟ್ಕಂಡು ಕೂಗುದ್ರೆ ನಿಮ್ಗೆಂಗೆ ಕೇಳಾದು? ಬಿಚ್ಚು ಅಂದ್ರಿ, ನಾನು ಬಿಚ್ನಿಲ್ಲ. ತೆಪ್ಪು ನಂದೇ ಕಣ್ರೀ."

ಪಾಷಾ ಹರಿದ ಅಂಚನ್ನು ಬೆರಳಲ್ಲಿ ಸವರುತ್ತ ಬಾಯಿ ತೆರೆದ. "ಬೆಣೆ ತಗೊಂಡ್ ಬಾ," ಎಂದ.

ಆಮೇಲೆ ಮರಿಸಿದ್ದಯ್ಯ ಟವಲು ಕಟ್ಟಲಿಲ್ಲ. ಬೇವು ಬಂದ ದಿನವೆಲ್ಲ ಕೆಮ್ಮುತ್ತಲೇ ನಿಂತಿರುತ್ತಿದ್ದ. ಆಚೆ ತುದಿಯಲ್ಲಿ ಆ ಬಾಯಿ ತೆರೆದಾಗಲೆಲ್ಲ, ಕೆಮ್ಮೋ ಕೂಗೋ ತಿಳಿಯದೆ, ಪಾಷಾನ ಕೈ ತಡೆಯುತ್ತಿತ್ತು. ತಪ್ಪು ಟವಲಿನದಲ್ಲ ಎಂದು ಅವನು ಹೇಳಲೇ ಇಲ್ಲ.