ಇಬ್ಬರು ಅಂಬುಬಾಯಿಯರು

“ನನ್ನ ಮಗಳ ಹೆಸರು ನಿಮ್ಮ ಯಾದಿಯಾಗ ಯಾಕಿಲ್ರಿ, ಸಾಹೇಬ್ರ?”

ಅತನೂರಿನ ಜಗದೇವಪ್ಪನ ದನಿಯಲ್ಲಿ ಜಗಳವಿರಲಿಲ್ಲ. ಅಫಜಲಪುರದ ಕ್ಷಯ ಚಿಕಿತ್ಸಾ ಸಂಸ್ಥೆಯ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಹೊಸ್ತಿಲಿನಲ್ಲೇ ನಿಂತಿದ್ದ. ಅವನ ಹಿಂದಿನ ಬೆಂಚಿನಿಂದ ಮಗಳು ಅಂಬುಬಾಯಿಯ ಕೆಮ್ಮು ಬಿಟ್ಟುಬಿಟ್ಟು ಕೇಳುತ್ತಿತ್ತು.

ಪ್ರೋಗ್ರಾಂ ಬರೆಯುವ ಅಣ್ಣಾರಾಯ ಹೆಸರು ಒತ್ತಿ ನೋಡಿದ. “ಅಂಬುಬಾಯಿ, ಅತನೂರ, ಮನೆ ಯಜಮಾನ ದೌಲತರಾಯ. ಈಕಿ ತೀರಿಕೊಂಡಾಳ ಅಂತ ಅದಲ್ಲ, ಕಾಕಾ?”

“ಆಕಿ ನಮ್ಮ ಅಣ್ಣ ದೌಲತರಾಯನ ಮಗಳ್ರಿ, ದೊಡ್ಡಂಬು. ನಮ್ಮದು ಕೂಡಿದ ಮನಿ, ಯಜಮಾನ ಅವನೇ. ಶ್ರಾವಣದಾಗ ಹೋದಳು. ನನ್ನ ಮಗಳು ಸಣ್ಣಂಬು. ನಮ್ಮವ್ವ ಸತ್ತ ಮ್ಯಾಲ ಇಬ್ಬರೂ ಅಣ್ಣತಮ್ಮರು ಅವ್ವನ ಹೆಸರೇ ಇಟ್ಟೀವಿ. ಎಲ್ಲಾರ ಮನ್ಯಾಗೂ ಇರೂದೇ ಅಲ್ಲೇನ್ರಿ?”

ಅಣ್ಣಾರಾಯನ ಬೆರಳುಗಳು ಕೀಲಿಗಳ ಮೇಲೆಯೇ ನಿಂತವು. ಅವನ ಮನೆಯಲ್ಲೂ ಅಜ್ಜನ ಹೆಸರಿನ ಇಬ್ಬರು ಅಣ್ಣಾರಾಯರಿದ್ದರು.

ಮೂರು ತಿಂಗಳ ಹಿಂದೆ, ತೊಂಬತ್ತೆಂಟರ ಮಳೆಗಾಲದ ಆರಂಭದಲ್ಲಿ, ಅವನು ರೋಗಿಗಳ ಮಾಹಿತಿ ತೆಗೆಯುವ ಎರಡು ವಿಧಾನಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದ. ಹಳೆಯದರಲ್ಲಿ ಕಂಪ್ಯೂಟರಿಗೆ ಕೇಳುವ ಪ್ರತಿ ಪ್ರಶ್ನೆಯನ್ನೂ ತಾನೇ ಬರೆದು, ಕೋಷ್ಟಕದ ಒಂದೊಂದು ಸಾಲನ್ನೂ ಕಣ್ಣಾರೆ ನೋಡಬೇಕು. ಹೊಸ ತಂತ್ರಾಂಶಕ್ಕೆ ಕೋಷ್ಟಕದ ಗೊಡವೆಯೇ ಬೇಡ. ಸಾಲುಗಳನ್ನು ಸೇರಿಸಿ ಅದು ತಾನೇ ಒಬ್ಬೊಬ್ಬ ‘ರೋಗಿ’ಯನ್ನು ಕಟ್ಟಿ ಕೈಗೆ ಕೊಡುತ್ತದೆ. ಒಬ್ಬರನ್ನು ಯಾವುದರಿಂದ ಗುರುತಿಸಬೇಕು ಎಂದಷ್ಟೇ ಹೇಳಿಕೊಡಬೇಕು. ಹೆಸರು, ಊರು, ಮನೆಯ ಯಜಮಾನ ಎಂದು ಅಣ್ಣಾರಾಯ ಹೇಳಿಕೊಟ್ಟಿದ್ದ. ಹಳೆಯ ವಿಧಾನ ನಾನೂರ ಹನ್ನೆರಡು ರೋಗಿಗಳನ್ನು ಎಣಿಸಿತು, ಹೊಸದು ನಾನೂರ ಹನ್ನೊಂದು. ಕಡಿಮೆಯಾದವರು ಯಾರೆಂದು ಅವನು ಹುಡುಕಲಿಲ್ಲ. ‘ಎರಡೆರಡು ಸಲ ಬರೆದ ಹೆಸರುಗಳನ್ನು ಹೊಸ ವಿಧಾನ ತಾನೇ ತೆಗೆಯುತ್ತದೆ’ ಎಂದು ವರದಿಯಲ್ಲಿ ಮೆಚ್ಚಿ ಬರೆದ. ಆ ವರದಿ ನೋಡಿ ಸಂಸ್ಥೆ ಹೊಸದನ್ನೇ ಬಳಕೆಗೆ ತಂದಿತು.

“ಎರಡು ತಿಂಗಳಿಂದ ಆಕಿಗೆ ಗುಳಿಗಿ ಸಿಕ್ಕಿಲ್ಲ ಅಂದ್ರ ನೀವು ಆವಾಗೇ ಯಾಕ ಬರಲಿಲ್ಲ, ಕಾಕಾ?” ಅಣ್ಣಾರಾಯ ಕೇಳಿದ.

“ಹೆಸರು ತೆಗೆದಾರಂದ್ರ ಬ್ಯಾನಿ ಹೋಗ್ಯದ ಅಂತ ತಿಳಕೊಂಡ್ವಿ. ಓಣಿ ತುಂಬ ಸಕ್ಕರಿ ಹಂಚೀವ್ರಿ. ಈಗ ವಾರದಿಂದ ಕೆಮ್ಮಿನಾಗ ರಕ್ತ ಬೀಳಾಕತ್ತದ.”

ಗುಳಿಗೆ ನಡುವೆ ಬಿಟ್ಟರೆ ಆ ರೋಗ ಮತ್ತೆ ಅದೇ ಗುಳಿಗೆಗೆ ಬಗ್ಗದೆ ಹೋಗಬಹುದು ಎಂದು ಡಾಕ್ಟರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಅಣ್ಣಾರಾಯ ಹಳೆಯ ಪ್ರೋಗ್ರಾಂ ತೆರೆದು, ಪ್ರಶ್ನೆಯನ್ನು ತಾನೇ ಬರೆದ. ಪರದೆಯ ಮೇಲೆ ಎರಡು ಸಾಲು ಮೂಡಿದವು: ಒಬ್ಬಳಿಗೆ ಇಪ್ಪತ್ತಾರು ವರ್ಷ, ಇನ್ನೊಬ್ಬಳಿಗೆ ಹತ್ತೊಂಬತ್ತು. ಹೊಸ ತಂತ್ರಾಂಶ ಇಬ್ಬರನ್ನೂ ಒಬ್ಬಳೆಂದೇ ತಿಳಿದು, ದೊಡ್ಡಂಬುವಿನ ಸಾವಿನ ದಿನಾಂಕವನ್ನು ಎರಡೂ ಸಾಲಿಗೆ ಬರೆದಿತ್ತು.

“ಸತ್ತಾಳಂತ ಬರದದ್ದನ್ನ ಅಳಸಾಕ ಬರ್ತದೇನ್ರಿ?” ಜಗದೇವಪ್ಪ ಹೆದರುತ್ತ ಕೇಳಿದ.

“ಬರ್ತದ.”

ಅಣ್ಣಾರಾಯ ಎರಡನೆಯ ಸಾಲಿನ ದಿನಾಂಕ ಅಳಿಸಿದ. ಅರೆಗಳಿಗೆಯ ಕೆಲಸ. ಜಗದೇವಪ್ಪ ಕಂಪ್ಯೂಟರಿಗೂ ಅವನಿಗೂ ಸೇರಿಸಿ ಕೈಮುಗಿದು, ಬೆಂಚಿನತ್ತ ತಿರುಗಿದ.

“ಏಳವ್ವಾ ಅಂಬು, ಸಾಹೇಬ್ರು ನಿನ್ನ ಬದುಕಿಸಿದ್ರು.”

ಅಂಬು ಎದ್ದು ನಿಂತಳು. ಬಾಯಿಗೆ ಒತ್ತಿ ಹಿಡಿದ ಸೆರಗನ್ನು ಮಾತ್ರ ತೆಗೆಯಲಿಲ್ಲ.